ಸ್ಕ್ಯಾನ್ ನೋಡಿ ಮುಂದಿನದನ್ನು ಎಷ್ಟರಮಟ್ಟಿಗೆ ಹೇಳಬಹುದು?

ಪ್ರಶ್ನೆ: ನನ್ನ ಅಕ್ಕನಿಗೆ 47 ವರ್ಷ. ಗರ್ಭಕಂಠದ ಕ್ಯಾನ್ಸರ್ ಇದೆಯೆಂದು ಕಳೆದ ತಿಂಗಳು ಗೊತ್ತಾಯಿತು. ಎಂಆರ್‌ಐ ರಿಪೋರ್ಟಿನಲ್ಲಿ 5.2 ಸೆಂಟಿಮೀಟರಿನ ಗಡ್ಡೆ ಇದೆ, ಸೊಂಟದ ಭಾಗದ ಒಂದು ದುಗ್ಧಗ್ರಂಥಿ (ಲಿಂಫ್ ನೋಡ್) ದೊಡ್ಡದಾಗಿದೆ ಎಂದು ಬರೆದಿದ್ದಾರೆ. ಹಂತ 3ಸಿ1 ಎಂದಿದ್ದಾರೆ. ಪೆಟ್-ಸಿಟಿ ರಿಪೋರ್ಟಿನಲ್ಲಿ ‘ಎಸ್‌ಯುವಿ ಮ್ಯಾಕ್ಸ್ 14.6’ ಎಂದಿದೆ. ಈ ಅಂಕಿ ಹೆಚ್ಚಿದ್ದವರಿಗೆ ಕಾಯಿಲೆ ಮತ್ತೆ ಬರುತ್ತದೆ ಎಂದು ಓದಿ ಗಾಬರಿಯಾಗಿದೆ. ಸ್ಕ್ಯಾನ್ ಚಿತ್ರಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಗುಣವಾಗುತ್ತದೋ ಇಲ್ಲವೋ ಎಂದು ಅದು ಮೊದಲೇ ಹೇಳುತ್ತದೆ ಎಂದೂ ಓದಿದೆ. ಕೀಮೋ ಮತ್ತು ವಿಕಿರಣ ಚಿಕಿತ್ಸೆ ಮುಂದಿನ ವಾರ ಶುರುವಾಗಲಿದೆ. ಅದಕ್ಕೆ ಮೊದಲು ಇಂಥ ವಿಶ್ಲೇಷಣೆ ಮಾಡಿಸಬೇಕೆ?

ಉತ್ತರ: ಬೇಡ. ಚಿಕಿತ್ಸೆಯನ್ನು ನಿರ್ಧರಿಸಲು ಬೇಕಾದ ಮಾಹಿತಿ ನಿಮ್ಮ ಕೈಯಲ್ಲಿರುವ ಎರಡು ರಿಪೋರ್ಟುಗಳಲ್ಲಿ ಈಗಾಗಲೇ ಇದೆ. ಅದರ ಮೇಲೆ ಕಂಪ್ಯೂಟರಿನ ಲೆಕ್ಕವೊಂದನ್ನು ಸೇರಿಸಿದರೆ ಅಕ್ಕನವರಿಗೆ ಸಿಗುವ ಚಿಕಿತ್ಸೆ ಇಂದಿನ ಮಟ್ಟಿಗೆ ಬದಲಾಗುವುದಿಲ್ಲ, ಆದರೆ ಅದಕ್ಕಾಗಿ ಚಿಕಿತ್ಸೆ ತಡವಾದರೆ ನಷ್ಟವಾಗುತ್ತದೆ. ಹಾಗೆಂದು ಸ್ಕ್ಯಾನ್ ಚಿತ್ರಗಳಿಂದ ಮುಂದಿನದನ್ನು ಊಹಿಸಲು ಸಾಧ್ಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಈ ಕಾಯಿಲೆಯಲ್ಲಿ ಚಿತ್ರಗಳು ಸಾಕಷ್ಟನ್ನು ಹೇಳುತ್ತವೆ. ಯಾವ ಚಿತ್ರ, ಚಿಕಿತ್ಸೆಯ ಯಾವ ಹೊತ್ತಿನಲ್ಲಿ ತೆಗೆದದ್ದು, ಅದು ಹೇಳುವುದು ಒಬ್ಬ ರೋಗಿಯ ಬಗ್ಗೆಯೋ ಒಂದು ಗುಂಪಿನ ಬಗ್ಗೆಯೋ ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕು.

ಹಂತದಿಂದಲೇ ಶುರು ಮಾಡೋಣ. ಅಂತಾರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ಒಕ್ಕೂಟ, ಅಂದರೆ ಫಿಗೋ, ಗೊತ್ತುಪಡಿಸಿದ ಹಂತಗಳನ್ನೇ ಜಗತ್ತಿನಾದ್ಯಂತ ಬಳಸುತ್ತಾರೆ. 2018ರವರೆಗೆ ಈ ಹಂತವನ್ನು ಮುಖ್ಯವಾಗಿ ವೈದ್ಯರು ಕೈಯಿಂದ ಪರೀಕ್ಷಿಸಿ, ಎಕ್ಸ್‌-ರೇ, ಮೂತ್ರಕೋಶದ ಒಳದರ್ಶನದಂಥ ಸರಳ ಪರೀಕ್ಷೆಗಳ ನೆರವಿನಿಂದ ನಿರ್ಧರಿಸುತ್ತಿದ್ದರು. ಎಂಆರ್‌ಐನಲ್ಲಿ ಏನೇ ಕಂಡರೂ ಹಂತವನ್ನು ಅದರಿಂದ ಬದಲಿಸುವಂತಿರಲಿಲ್ಲ. ಈ ಕಾಯಿಲೆ ಅತಿ ಹೆಚ್ಚಾಗಿರುವ ದೇಶಗಳಲ್ಲಿ ದುಬಾರಿ ಯಂತ್ರಗಳು ಎಲ್ಲರ ಕೈಗೆಟಕುವುದಿಲ್ಲ, ಎಲ್ಲೆಡೆಯೂ ಒಂದೇ ಅಳತೆ ಇರಬೇಕು ಎಂಬುದು ಅದಕ್ಕಿದ್ದ ಕಾರಣ, ಮತ್ತು ಅದು ಸರಿಯಾದ ಕಾರಣವೇ ಆಗಿತ್ತು. ಆದರೆ ಬೆರಳಿಗೆ ಸಿಗದ ಒಂದು ಸಂಗತಿ, ಅಂದರೆ ದುಗ್ಧಗ್ರಂಥಿಗಳಿಗೆ ಕಾಯಿಲೆ ಹರಡಿದೆಯೇ ಇಲ್ಲವೇ ಎಂಬುದು, ಮುಂದಿನ ಫಲಿತಾಂಶವನ್ನು ಬಹಳವಾಗಿ ಬದಲಿಸುತ್ತದೆ ಎಂದು ದಶಕಗಳಿಂದ ಕಾಣುತ್ತಲೇ ಇತ್ತು. 2018ರ ಪರಿಷ್ಕರಣೆಯಲ್ಲಿ ಸ್ಕ್ಯಾನಿನ ಮಾಹಿತಿಗೂ ಅವಕಾಶ ಕೊಟ್ಟು, ಸೊಂಟದ ಗ್ರಂಥಿಗಳಲ್ಲಿ ಕಾಯಿಲೆ ಇದ್ದರೆ 3ಸಿ1, ಅದಕ್ಕೂ ಮೇಲೆ ಮಹಾಪಧಮನಿಯ ಪಕ್ಕದ ಗ್ರಂಥಿಗಳಲ್ಲಿ ಇದ್ದರೆ 3ಸಿ2 ಎಂದು ಹೊಸ ಹಂತಗಳನ್ನು ಮಾಡಿದರು. ನಿಮ್ಮ ಅಕ್ಕನವರ ಹಂತ ಹುಟ್ಟಿದ್ದೇ ಹೀಗೆ, ಚಿತ್ರದಿಂದ.

ಇಲ್ಲಿ ಒಂದು ಸೂಕ್ಷ್ಮವಿದೆ. ಗರ್ಭಕಂಠದೊಳಗೇ ಇರುವ ಸಣ್ಣ ಗಡ್ಡೆಯ ಜೊತೆ ಒಂದೇ ಒಂದು ಗ್ರಂಥಿ ಊದಿದ್ದರೂ 3ಸಿ1. ಸೊಂಟದ ಗೋಡೆಯವರೆಗೆ ಹಬ್ಬಿ ಮೂತ್ರನಾಳವನ್ನು ಅಮುಕಿ ಮೂತ್ರಪಿಂಡ ಊದುವಂತೆ ಮಾಡಿದ ಗಡ್ಡೆಯ ಜೊತೆ ಗ್ರಂಥಿಗಳಿದ್ದರೂ 3ಸಿ1. ಈ ಇಬ್ಬರ ಮುಂದಿನ ದಾರಿ ಒಂದೇ ಅಲ್ಲ. ಆದ್ದರಿಂದ ಹಂತದ ಹೆಸರನ್ನಷ್ಟೇ ಇಟ್ಟುಕೊಂಡು ಅಂತರ್ಜಾಲದಲ್ಲಿ ‘ಐದು ವರ್ಷ ಬದುಕುಳಿಯುವ ಪ್ರಮಾಣ’ ಹುಡುಕುವುದನ್ನು ದಯವಿಟ್ಟು ಬಿಡಿ. ಗಡ್ಡೆ ಪಕ್ಕದ ಅಂಗಾಂಶಕ್ಕೆ ಎಷ್ಟು ಹಬ್ಬಿದೆ ಎಂಬುದನ್ನು ವೈದ್ಯರನ್ನೇ ಕೇಳಿ. ಅದು ಹಂತದ ಅಕ್ಷರಕ್ಕಿಂತ ಹೆಚ್ಚು ಹೇಳುತ್ತದೆ.

ಆ ಹಬ್ಬುವಿಕೆಯನ್ನು ತೋರಿಸುವುದರಲ್ಲಿ ಎಂಆರ್‌ಐಗೆ ಸಮನಾದದ್ದು ಇನ್ನೊಂದಿಲ್ಲ. ಟಿ2 ಎಂಬ ಬಗೆಯ ಚಿತ್ರಗಳನ್ನು ಗರ್ಭಕಂಠದ ಉದ್ದಕ್ಕೆ ಅಡ್ಡಲಾಗಿ ತೆಳುವಾಗಿ ತೆಗೆದಾಗ, ಗರ್ಭಕಂಠದ ಹೊರಪದರ ಒಂದು ಕಪ್ಪು ಉಂಗುರದಂತೆ ಕಾಣುತ್ತದೆ, ಗಡ್ಡೆ ಅದಕ್ಕಿಂತ ತಿಳಿಯಾದ ಬೂದು ಬಣ್ಣದಲ್ಲಿ ಕಾಣುತ್ತದೆ. ರೇಡಿಯಾಲಜಿಸ್ಟರ ಕಣ್ಣು ಮೊದಲು ಹೋಗುವುದು ಆ ಉಂಗುರದ ಮೇಲೆ. ಸುತ್ತಲೂ ಉಂಗುರ ಮುರಿಯದೆ ಇದ್ದರೆ ಗಡ್ಡೆ ಹೊರಗೆ ಹಬ್ಬಿಲ್ಲ ಎಂದು ಬಹುಮಟ್ಟಿಗೆ ನಂಬಬಹುದು. ಒಂದು ಕಡೆ ಉಂಗುರ ಅಳಿಸಿಹೋಗಿ, ಅಲ್ಲಿಂದ ಬೂದು ಅಂಚು ಪಕ್ಕದ ಕೊಬ್ಬಿನೊಳಗೆ ಮೊನಚಾಗಿ ಚಾಚಿದ್ದರೆ ಹಬ್ಬಿದೆ ಎಂದರ್ಥ. ಉಂಗುರ ಮುರಿದಂತೆ ಕಂಡರೂ ಹೊರಗೆ ಏನೂ ಚಾಚಿರದಿದ್ದಾಗ ಮಾತ್ರ ಅನುಭವಿಗಳಿಗೂ ತೀರ್ಮಾನ ಕಷ್ಟವಾಗುತ್ತದೆ. ದೊಡ್ಡ ಗಡ್ಡೆಯ ಸುತ್ತಲಿನ ಬಾವು ಹಬ್ಬುವಿಕೆಯಂತೆಯೇ ತೋರಬಹುದು.

ಗಡ್ಡೆಯ ಗಾತ್ರವೂ ಇದರಷ್ಟೇ ಮುಖ್ಯ. ಎರಡು ಸೆಂಟಿಮೀಟರಿಗಿಂತ ಚಿಕ್ಕದು, ಎರಡರಿಂದ ನಾಲ್ಕು, ನಾಲ್ಕು ಅಥವಾ ಅದಕ್ಕಿಂತ ದೊಡ್ಡದು ಎಂಬ ಮೂರು ಮೆಟ್ಟಿಲುಗಳನ್ನು ಮೊದಲ ಹಂತದೊಳಗೇ 2018ರಲ್ಲಿ ಮಾಡಿದ್ದು ಈ ಕಾರಣಕ್ಕೆ. ದೊಡ್ಡ ಗಡ್ಡೆಯ ನಡುಭಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಆಮ್ಲಜನಕ ಕಡಿಮೆಯಾದ ಜೀವಕೋಶಗಳನ್ನು ವಿಕಿರಣ ಸುಲಭವಾಗಿ ಕೊಲ್ಲಲಾರದು. 1990ರ ದಶಕದಲ್ಲಿ ಜರ್ಮನಿಯ ಮೈಕೆಲ್ ಹಾಕೆಲ್, ಪೀಟರ್ ವಾಪೆಲ್ ಮತ್ತು ಅವರ ಸಂಗಡಿಗರು ಗರ್ಭಕಂಠದ ಗಡ್ಡೆಗಳೊಳಗೆ ಸೂಜಿಯಂಥ ವಿದ್ಯುದಗ್ರವನ್ನು ಚುಚ್ಚಿ ಆಮ್ಲಜನಕವನ್ನು ನೇರವಾಗಿ ಅಳೆದರು. ಆಮ್ಲಜನಕ ಕಡಿಮೆ ಇದ್ದ ಗಡ್ಡೆಗಳ ಫಲಿತಾಂಶ ಕೆಟ್ಟದಾಗಿತ್ತು, ಅದೂ ಶಸ್ತ್ರಚಿಕಿತ್ಸೆ ಪಡೆದವರಲ್ಲಿಯೂ ಕೂಡ. ಅಂದರೆ ಆಮ್ಲಜನಕವಿಲ್ಲದ ಗಡ್ಡೆ ವಿಕಿರಣವನ್ನು ತಡೆದುಕೊಳ್ಳುವುದಷ್ಟೇ ಅಲ್ಲ, ಹರಡುವ ಸ್ವಭಾವವನ್ನೂ ಬೆಳೆಸಿಕೊಂಡಿರುತ್ತದೆ. ಮುಂದೆ ಬಂದ ಅನೇಕ ಚಿತ್ರಣ ವಿಧಾನಗಳು, ಉದಾಹರಣೆಗೆ ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ಅದು ಗಡ್ಡೆಯೊಳಗೆ ಎಷ್ಟು ಬೇಗ ಹರಿಯುತ್ತದೆ ಎಂದು ನೋಡುವ ಎಂಆರ್‌ಐ, ಅಥವಾ ಆಮ್ಲಜನಕದ ಕೊರತೆ ಇರುವಲ್ಲಿ ಮಾತ್ರ ಅಂಟಿಕೊಳ್ಳುವ ವಸ್ತುವನ್ನು ಬಳಸುವ ಪೆಟ್, ಸೂಜಿ ಚುಚ್ಚದೆ ಇದೇ ಸಂಗತಿಯನ್ನು ಹಿಡಿಯುವ ಪ್ರಯತ್ನಗಳು. ವಿಜ್ಞಾನವಾಗಿ ಇವು ಸೊಗಸಾಗಿವೆ. ದಿನನಿತ್ಯದ ಚಿಕಿತ್ಸೆಯೊಳಗೆ ಅವು ಇನ್ನೂ ಬಂದಿಲ್ಲ.

ಈಗ ನಿಮ್ಮನ್ನು ಕಾಡುತ್ತಿರುವ 14.6ಕ್ಕೆ ಬರೋಣ. ಪೆಟ್ ಸ್ಕ್ಯಾನಿಗೆ ಮೊದಲು ಕೊಡುವ ಇಂಜೆಕ್ಷನ್ನಿನಲ್ಲಿ ವಿಕಿರಣ ಸೂಸುವ ಸಕ್ಕರೆಯಂಥ ವಸ್ತುವಿರುತ್ತದೆ. ಕ್ಯಾನ್ಸರ್ ಕೋಶಗಳು ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ. ಎಸ್‌ಯುವಿ ಎಂಬುದು ದೇಹದ ತೂಕ ಮತ್ತು ಕೊಟ್ಟ ಡೋಸಿಗೆ ಹೊಂದಿಸಿ ಲೆಕ್ಕ ಹಾಕಿದ ಆ ಹೀರಿಕೆಯ ಅಳತೆ, ‘ಮ್ಯಾಕ್ಸ್’ ಎಂದರೆ ಇಡೀ ಗಡ್ಡೆಯಲ್ಲಿ ಅತಿ ಹೆಚ್ಚು ಹೊಳೆಯುವ ಒಂದೇ ಒಂದು ಚುಕ್ಕಿಯ ಬೆಲೆ. ನೀವು ಓದಿದ್ದು ಬಹುಶಃ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ 2007ರಲ್ಲಿ ಬಂದ ಅಧ್ಯಯನದ ಸಾರಾಂಶವಿರಬೇಕು. ಅದರಲ್ಲಿ 287 ರೋಗಿಗಳನ್ನು ಈ ಅಂಕಿಯ ಪ್ರಕಾರ ಮೂರು ಗುಂಪು ಮಾಡಿದಾಗ, 5.2 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 95, ನಡುವಿನವರಲ್ಲಿ ಶೇ. 70, 13.3ಕ್ಕಿಂತ ಹೆಚ್ಚಿದ್ದವರಲ್ಲಿ ಶೇ. 44 ಮಂದಿ ಐದು ವರ್ಷಗಳ ನಂತರವೂ ಬದುಕಿದ್ದರು ಎಂದು ಕಂಡುಬಂತು.

ಓದಿದವರಿಗೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಆ 13.3 ಎಂಬ ಗೆರೆಯನ್ನು ಎಳೆದದ್ದು ಆ ರೋಗಿಗಳ ಫಲಿತಾಂಶಗಳನ್ನು ನೋಡಿದ ಮೇಲೆ, ಆ ಆಸ್ಪತ್ರೆಯ ಯಂತ್ರಗಳ ಅಂಕಿಗಳ ಮೇಲೆ. ಒಂದೊಂದು ಊರಿನ ಸೇರು ಒಂದೊಂದು ಅಳತೆ ಎಂಬಂತೆ, ಎಸ್‌ಯುವಿ ಕೂಡ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಇಂಜೆಕ್ಷನ್ ಕೊಟ್ಟು ಅರವತ್ತು ನಿಮಿಷಕ್ಕೆ ಚಿತ್ರ ತೆಗೆದರೆ ಒಂದು ಬೆಲೆ, ತೊಂಬತ್ತು ನಿಮಿಷಕ್ಕೆ ತೆಗೆದರೆ ಅದಕ್ಕಿಂತ ಹೆಚ್ಚು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಬೆಲೆ ಇಳಿಯುತ್ತದೆ. ಹೊಸ ಯಂತ್ರಗಳು ಹಳೆಯವುಗಳಿಗಿಂತ ಸೂಕ್ಷ್ಮವಾಗಿ ನೋಡುವುದರಿಂದ ಅದೇ ಗಡ್ಡೆಗೆ ಹೆಚ್ಚಿನ ಬೆಲೆ ತೋರಿಸುತ್ತವೆ. ಅದೇ ಯಂತ್ರದಲ್ಲಿ, ಅದೇ ವಾರದಲ್ಲಿ ಒಬ್ಬರನ್ನೇ ಎರಡು ಸಲ ನೋಡಿದರೂ ಶೇಕಡಾ ಹತ್ತಕ್ಕಿಂತ ಹೆಚ್ಚಿನ ವ್ಯತ್ಯಾಸ ಬರುವುದು ಅಪರೂಪವಲ್ಲ. ಚಪ್ಪಟೆ ಕೋಶಗಳಿಂದ ಹುಟ್ಟುವ ಸ್ಕ್ವಾಮಸ್ ಬಗೆಯ ಕ್ಯಾನ್ಸರ್ ಸಾಮಾನ್ಯವಾಗಿ ಲೋಳೆ ಸ್ರವಿಸುವ ಕೋಶಗಳಿಂದ ಹುಟ್ಟುವ ಗ್ರಂಥಿಜನ್ಯ ಬಗೆಗಿಂತ ಹೆಚ್ಚು ಹೊಳೆಯುತ್ತದೆ. ದೊಡ್ಡ ಗಡ್ಡೆ ಚಿಕ್ಕದಕ್ಕಿಂತ ಹೆಚ್ಚು ಹೊಳೆಯುತ್ತದೆ, ಹಾಗಾಗಿ ಆ ಅಂಕಿಯ ಎಚ್ಚರಿಕೆಯಲ್ಲಿ ಒಂದು ಪಾಲು ಗಾತ್ರದ ಎಚ್ಚರಿಕೆಯೇ, ಮತ್ತು ಗಾತ್ರ ನಿಮ್ಮ ವೈದ್ಯರಿಗೆ ಮೊದಲೇ ಗೊತ್ತಿದೆ. ಇಷ್ಟೆಲ್ಲದರ ನಡುವೆ 14.6ಕ್ಕೂ 13ಕ್ಕೂ ವ್ಯತ್ಯಾಸ ಕಲ್ಪಿಸುವುದರಲ್ಲಿ ಅರ್ಥವಿಲ್ಲ.

ಪೆಟ್ ಸ್ಕ್ಯಾನ್ ನಿಜವಾಗಿ ಸಹಾಯ ಮಾಡುವುದು ಗ್ರಂಥಿಗಳ ವಿಷಯದಲ್ಲಿ. ಮಹಾಪಧಮನಿಯ ಪಕ್ಕದಲ್ಲಿ ಏನೂ ಹೊಳೆದಿಲ್ಲ ಎಂದು ಅಕ್ಕನವರ ರಿಪೋರ್ಟಿನಲ್ಲಿ ಬರೆದಿದ್ದರೆ, ಆ ವಾಕ್ಯಕ್ಕೆ ಎಸ್‌ಯುವಿಗಿಂತ ಹೆಚ್ಚಿನ ತೂಕ ಕೊಡಬೇಕು. ಅದೂ ಪೂರ್ತಿ ಭರವಸೆಯಲ್ಲ: ಪೆಟ್‌ನಲ್ಲಿ ಅಲ್ಲಿ ಏನೂ ಕಾಣದವರ ಆ ಗ್ರಂಥಿಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಫ್ರಾನ್ಸಿನ ಒಂದು ದೊಡ್ಡ ಅಧ್ಯಯನದಲ್ಲಿ ಶೇ. 12ರಷ್ಟು ಮಂದಿಯಲ್ಲಿ ಕಾಯಿಲೆ ಅಡಗಿತ್ತು. ಕೆಲವೇ ಮಿಲಿಮೀಟರಿನ ತುಣುಕು ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಸೋಂಕಿನಿಂದ ಊದಿದ ಗ್ರಂಥಿ ಕ್ಯಾನ್ಸರಿನಂತೆಯೇ ಹೊಳೆಯಬಹುದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಚಿಕಿತ್ಸೆಗೆ ಮೊದಲಿನ ಚಿತ್ರಗಳ ಮಾತು. ನನ್ನ ಅಭಿಪ್ರಾಯದಲ್ಲಿ ಚಿತ್ರಗಳು ಅತಿ ಸ್ಪಷ್ಟವಾಗಿ ಮಾತನಾಡುವುದು ಅನಂತರ, ಚಿಕಿತ್ಸೆ ನಡೆಯುತ್ತಿರುವಾಗ ಮತ್ತು ಮುಗಿದ ಮೇಲೆ, ಏಕೆಂದರೆ ಆಗ ಆ ಗಡ್ಡೆ ಆ ಚಿಕಿತ್ಸೆಗೆ ಹೇಗೆ ಸ್ಪಂದಿಸಿತು ಎಂಬುದನ್ನು ನಾವು ಊಹಿಸಬೇಕಾಗಿಲ್ಲ, ನೋಡುತ್ತೇವೆ. ಐದು ವಾರಗಳ ಹೊರ ವಿಕಿರಣ ಮತ್ತು ವಾರಕ್ಕೊಮ್ಮೆಯ ಕೀಮೋ ಔಷಧಿ ಸಿಸ್‌ಪ್ಲಾಟಿನ್ ಮುಗಿಯುವ ಹೊತ್ತಿಗೆ 5 ಸೆಂಟಿಮೀಟರಿನ ಗಡ್ಡೆ ಎಷ್ಟೋ ಜನರಲ್ಲಿ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಆಗ ಮತ್ತೊಮ್ಮೆ ಎಂಆರ್‌ಐ ಮಾಡಿ, ಉಳಿದಿರುವುದೆಷ್ಟು ಎಂದು ಗೆರೆ ಎಳೆದು, ಬ್ರೇಕಿಥೆರಪಿಯನ್ನು, ಅಂದರೆ ಗಡ್ಡೆಯ ಹತ್ತಿರವೇ ದೇಹದೊಳಗಿನಿಂದ ಕೊಡುವ ವಿಕಿರಣವನ್ನು, ಆ ಆಕಾರಕ್ಕೆ ತಕ್ಕಂತೆ ರೂಪಿಸುತ್ತಾರೆ. ಚಿಕಿತ್ಸೆಯ ಮೊದಲು ಎಷ್ಟಿತ್ತು ಎಂಬುದಕ್ಕಿಂತ ಆ ದಿನ ಎಷ್ಟು ಉಳಿದಿದೆ, ಅದಕ್ಕೆ ಎಷ್ಟು ಡೋಸ್ ತಲುಪಿತು ಎಂಬುದು ಆ ಜಾಗದಲ್ಲಿ ಕಾಯಿಲೆ ಮರಳುವ ಸಾಧ್ಯತೆಯನ್ನು ಚೆನ್ನಾಗಿ ತಿಳಿಸುತ್ತದೆ. ಎಂಆರ್‌ಐ ನೋಡಿ ಹೀಗೆ ಬ್ರೇಕಿಥೆರಪಿ ಕೊಟ್ಟ ‘ಎಂಬ್ರೇಸ್-1’ ಎಂಬ ಬಹುರಾಷ್ಟ್ರೀಯ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. 1,300ಕ್ಕೂ ಹೆಚ್ಚು ರೋಗಿಗಳಿದ್ದ ಅದರಲ್ಲಿ ಐದು ವರ್ಷಗಳ ನಂತರ ಗರ್ಭಕಂಠದ ಜಾಗದಲ್ಲಿ ಕಾಯಿಲೆ ಹತೋಟಿಯಲ್ಲಿದ್ದವರ ಪ್ರಮಾಣ ಶೇ. 92, ಅದೂ ಎಲ್ಲ ಹಂತಗಳೂ ಸೇರಿ. ಚಿತ್ರದಿಂದ ಬಂದ ಮುನ್ಸೂಚನೆ ಅಲ್ಲಿಯೇ, ಅದೇ ದಿನ, ಚಿಕಿತ್ಸೆಯನ್ನು ತಿದ್ದುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ಹೀಗಿದ್ದೂ ಸುದ್ದಿಯಾಗುವುದು ಕಂಪ್ಯೂಟರಿನ ಭವಿಷ್ಯವಾಣಿಯೇ, ಬ್ರೇಕಿಥೆರಪಿಯಲ್ಲ.

ಚಿಕಿತ್ಸೆ ಮುಗಿದು ಮೂರು ತಿಂಗಳಿಗೆ ತೆಗೆಯುವ ಪೆಟ್ ಸ್ಕ್ಯಾನ್ ಇನ್ನೊಂದು ಮುಖ್ಯ ಘಟ್ಟ. ಸೇಂಟ್ ಲೂಯಿಸ್‌ನ ಅದೇ ತಂಡ 92 ರೋಗಿಗಳನ್ನು ಹೀಗೆ ನೋಡಿ 2007ರಲ್ಲಿ ವರದಿ ಮಾಡಿತು. ಅಸಹಜ ಹೊಳಪು ಪೂರ್ತಿ ಮಾಯವಾಗಿದ್ದವರಲ್ಲಿ ಶೇ. 78 ಮಂದಿ ಮೂರು ವರ್ಷಗಳ ನಂತರವೂ ಕಾಯಿಲೆ ಮುಂದುವರಿಯದೆ ಇದ್ದರು. ಸ್ವಲ್ಪ ಹೊಳಪು ಉಳಿದಿದ್ದವರಲ್ಲಿ ಶೇ. 33, ಹೊಸ ಜಾಗದಲ್ಲಿ ಹೊಳಪು ಕಾಣಿಸಿಕೊಂಡವರಲ್ಲಿ ಒಬ್ಬರೂ ಇಲ್ಲ. ಚಿಕಿತ್ಸೆಗೆ ಮೊದಲಿನ ಯಾವ ಅಂಕಿಯೂ ಗುಂಪುಗಳನ್ನು ಇಷ್ಟು ದೂರ ದೂರ ಬೇರ್ಪಡಿಸುವುದಿಲ್ಲ. ಸ್ವಲ್ಪ ಹೊಳಪು ಉಳಿದ ನಡುವಿನ ಗುಂಪನ್ನು ಗಮನಿಸಿ: ಅವರಲ್ಲಿಯೂ ಮೂವರಲ್ಲಿ ಒಬ್ಬರಿಗೆ ಕಾಯಿಲೆ ಮುಂದುವರಿಯಲಿಲ್ಲ, ಏಕೆಂದರೆ ವಿಕಿರಣದಿಂದಾದ ಉರಿಯೂತವೂ ಹೊಳೆಯುತ್ತದೆ. ಆದ್ದರಿಂದ ಅಂಥ ಸಂದರ್ಭದಲ್ಲಿ ಬಯಾಪ್ಸಿ ಮಾಡಿಯೋ ಕೆಲವು ವಾರ ಬಿಟ್ಟು ಮತ್ತೆ ನೋಡಿಯೋ ಖಚಿತಪಡಿಸಿಕೊಳ್ಳುತ್ತಾರೆ. ಕಾಯಿಲೆ ಗರ್ಭಕಂಠದಲ್ಲಿ ಮಾತ್ರ ಉಳಿದಿದ್ದು ಬೇಗ ಗೊತ್ತಾದರೆ ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ದಾರಿ ಇನ್ನೂ ತೆರೆದಿರುತ್ತದೆ.

ಇನ್ನು ಕಂಪ್ಯೂಟರ್. ನೀವು ಓದಿದ ವಿಧಾನಕ್ಕೆ ರೇಡಿಯೋಮಿಕ್ಸ್ ಎನ್ನುತ್ತಾರೆ. ಗಡ್ಡೆಯ ಸುತ್ತ ಗೆರೆ ಎಳೆದು, ಅದರೊಳಗಿನ ಚುಕ್ಕಿಗಳ ಹೊಳಪು, ಏರುಪೇರು, ಅಕ್ಕಪಕ್ಕದ ಚುಕ್ಕಿಗಳ ಸಂಬಂಧ, ಗಡ್ಡೆಯ ಆಕಾರ ಇವುಗಳಿಂದ ನೂರಾರು, ಕೆಲವೊಮ್ಮೆ ಸಾವಿರಾರು ಅಂಕಿಗಳನ್ನು ಲೆಕ್ಕ ಹಾಕಿ, ಕಾಯಿಲೆ ಮರಳಿದವರಿಗೂ ಮರಳದವರಿಗೂ ಯಾವ ಅಂಕಿಗಳಲ್ಲಿ ವ್ಯತ್ಯಾಸವಿದೆ ಎಂದು ಹುಡುಕುತ್ತಾರೆ. ಕಣ್ಣಿಗೆ ಕಾಣದ ಒರಟುತನ, ಅಸಮತೆ ಗಡ್ಡೆಯ ಸ್ವಭಾವವನ್ನು ಬಿಟ್ಟುಕೊಡಬಹುದು ಎಂಬ ಯೋಚನೆ ತರ್ಕಬದ್ಧವಾಗಿಯೇ ಇದೆ. ಫ್ರಾನ್ಸಿನ ಬ್ರೆಸ್ಟ್ ನಗರದ ತಂಡವೊಂದು ಎಂಆರ್‌ಐ ಮತ್ತು ಪೆಟ್ ಎರಡರ ಇಂಥ ಅಂಕಿಗಳನ್ನು ಸೇರಿಸಿ ಫಲಿತಾಂಶ ಊಹಿಸುವ ಗಣಿತದ ಮಾದರಿ ರೂಪಿಸಿ, ಅದನ್ನು ಬೇರೆ ಆಸ್ಪತ್ರೆಗಳ ರೋಗಿಗಳ ಮೇಲೂ ಪರೀಕ್ಷಿಸಿ 2019ರಲ್ಲಿ ವರದಿ ಮಾಡಿದೆ. ಹೀಗೆ ಹೊರಗಿನವರ ಮೇಲೆ ಪರೀಕ್ಷಿಸಿದ ಕೆಲಸಗಳು ಕಡಿಮೆ. ಹೆಚ್ಚಿನವು ಒಂದೇ ಆಸ್ಪತ್ರೆಯ ನೂರಿನ್ನೂರು ರೋಗಿಗಳ ಹಳೆಯ ಚಿತ್ರಗಳ ಮೇಲೆ ಮಾಡಿದವು. ನೂರು ರೋಗಿಗಳಲ್ಲಿ ಮೂವತ್ತು ಮಂದಿಗೆ ಕಾಯಿಲೆ ಮರಳಿದೆ, ಹುಡುಕಲು ಸಾವಿರ ಅಂಕಿಗಳಿವೆ ಎಂದರೆ, ಕೇವಲ ಆಕಸ್ಮಿಕವಾಗಿಯೇ ಹತ್ತಾರು ಅಂಕಿಗಳು ಆ ಮೂವತ್ತು ಮಂದಿಯನ್ನು ಗುರುತಿಸಿದಂತೆ ತೋರುತ್ತವೆ. ಮುಂದಿನ ನೂರು ರೋಗಿಗಳಲ್ಲಿ ಆ ಅಂಕಿಗಳು ಕೈಕೊಡುತ್ತವೆ.

ಇನ್ನೂ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು, ಅದು ಶ್ವಾಸಕೋಶ ಮತ್ತು ತಲೆ-ಕತ್ತಿನ ಕ್ಯಾನ್ಸರಿಗೆ ಸಂಬಂಧಿಸಿದ್ದಾದರೂ. ಬಹಳ ಹೆಸರು ಮಾಡಿದ್ದ ಒಂದು ರೇಡಿಯೋಮಿಕ್ಸ್ ಮಾದರಿಯನ್ನು ಮರುಪರಿಶೀಲಿಸಿದ ಸಂಶೋಧಕರು 2019ರಲ್ಲಿ ಒಂದು ಸರಳ ಕೆಲಸ ಮಾಡಿದರು: ಗಡ್ಡೆಯ ಗೆರೆಯನ್ನು ಹಾಗೆಯೇ ಬಿಟ್ಟು, ಒಳಗಿನ ಚುಕ್ಕಿಗಳನ್ನೆಲ್ಲ ಮನಬಂದಂತೆ ಕಲಸಿಬಿಟ್ಟರು. ಒಳಗಿನ ವಿನ್ಯಾಸ ಪೂರ್ತಿ ಹಾಳಾಯಿತು, ಆದರೂ ಮಾದರಿಯ ಊಹೆ ಮೊದಲಿನಷ್ಟೇ ಚೆನ್ನಾಗಿತ್ತು! ಮಾದರಿ ಅಳೆಯುತ್ತಿದ್ದದ್ದು ಹೆಚ್ಚುಕಡಿಮೆ ಗಡ್ಡೆಯ ಗಾತ್ರವನ್ನೇ ಎಂದು ಗೊತ್ತಾಯಿತು. ಗರ್ಭಕಂಠದ ಕ್ಯಾನ್ಸರಿನ ಯಾವುದೇ ಹೊಸ ಮಾದರಿ ಕಂಡಾಗ ನಾನು ಮೊದಲು ಹುಡುಕುವುದು ಇದನ್ನೇ: ಗಾತ್ರ, ಹಬ್ಬುವಿಕೆ, ಗ್ರಂಥಿ ಈ ಮೂರು ಗೊತ್ತಿದ್ದ ಮೇಲೆ, ಈ ಮಾದರಿ ಹೊಸದಾಗಿ ಏನು ಹೇಳಿತು? ಎಷ್ಟೋ ಲೇಖನಗಳು ಆ ಹೋಲಿಕೆಯನ್ನು ಮಾಡಿಯೇ ಇರುವುದಿಲ್ಲ. ಅಂಕಿಗಳನ್ನು ಲೆಕ್ಕ ಹಾಕುವ ಕ್ರಮವನ್ನಾದರೂ ಎಲ್ಲೆಡೆ ಒಂದೇ ಮಾಡಬೇಕೆಂದು ಅಂತಾರಾಷ್ಟ್ರೀಯ ಸಹಯೋಗವೊಂದು 2020ರಲ್ಲಿ ಮಾನದಂಡ ಪ್ರಕಟಿಸಿದೆ. ಅದರಿಂದ ಕ್ರಮೇಣ ಸುಧಾರಣೆಯಾಗುತ್ತಿದೆ.

ಮಾದರಿ ನಿಜಕ್ಕೂ ಒಳ್ಳೆಯದೇ ಎಂದು ಇಟ್ಟುಕೊಂಡರೂ ಒಬ್ಬ ರೋಗಿಗೆ ಅದರ ಅರ್ಥವೇನು ಎಂದು ಲೆಕ್ಕ ಹಾಕಿ ನೋಡಿ. ಕೇವಲ ಉದಾಹರಣೆಗಾಗಿ ನೂರು ಮಂದಿಯಲ್ಲಿ ಮೂವತ್ತು ಮಂದಿಗೆ ಕಾಯಿಲೆ ಮರಳುತ್ತದೆ ಎನ್ನೋಣ, ಮಾದರಿ ಮರಳುವವರಲ್ಲೂ ಮರಳದವರಲ್ಲೂ ಶೇ. 80 ಮಂದಿಯನ್ನು ಸರಿಯಾಗಿ ಗುರುತಿಸುತ್ತದೆ ಎನ್ನೋಣ. ಆಗ ಅದು 38 ಮಂದಿಗೆ ಅಪಾಯವಿದೆ ಎನ್ನುತ್ತದೆ. ಅವರಲ್ಲಿ 14 ಮಂದಿಗೆ ಏನೂ ಆಗುವುದಿಲ್ಲ. ಉಳಿದ 62 ಮಂದಿಗೆ ಅಪಾಯವಿಲ್ಲ ಎನ್ನುತ್ತದೆ. ಅವರಲ್ಲಿ ಆರು ಮಂದಿಗೆ ಕಾಯಿಲೆ ಮರಳುತ್ತದೆ. ಹೊಸ ಔಷಧಿಯ ಪ್ರಯೋಗಕ್ಕೆ ಯಾರನ್ನು ಸೇರಿಸಬೇಕು ಎಂದು ನಿರ್ಧರಿಸಲು ಇಷ್ಟು ನಿಖರತೆ ಉಪಯೋಗಕ್ಕೆ ಬರಬಹುದು. ನಿಮ್ಮ ಅಕ್ಕ ಆ 24ರಲ್ಲಿ ಒಬ್ಬರೋ 14ರಲ್ಲಿ ಒಬ್ಬರೋ ಎಂದು ಹೇಳಲು ಅದರಿಂದ ಆಗದು.

ಚಿಕಿತ್ಸೆಯನ್ನು ಬಲಪಡಿಸುವ ದಾರಿಗಳು ಇಂದು ಇವೆ, ಅವುಗಳಿಗೆ ಕಂಪ್ಯೂಟರಿನ ಊಹೆ ಬೇಕಾಗಿಲ್ಲ. ವಿಕಿರಣಕ್ಕೆ ಮೊದಲು ಆರು ವಾರ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿಗಳನ್ನು ಕೊಟ್ಟ ‘ಇಂಟರ್‌ಲೇಸ್’ ಪ್ರಯೋಗದಲ್ಲಿ ಐದು ವರ್ಷ ಬದುಕುಳಿದವರ ಪ್ರಮಾಣ ಶೇ. 72ರಿಂದ 80ಕ್ಕೆ ಏರಿತು. ವಿಕಿರಣ ಮತ್ತು ಕೀಮೋ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಔಷಧಿ) ಕೊಟ್ಟ ‘ಕೀನೋಟ್-ಎ18’ ಪ್ರಯೋಗದಲ್ಲಿಯೂ ಬದುಕುಳಿಯುವ ಪ್ರಮಾಣ ಹೆಚ್ಚಿತು. ಎರಡರ ಫಲಿತಾಂಶವೂ 2024ರಲ್ಲಿ ಪ್ರಕಟವಾಯಿತು, ಎರಡರಲ್ಲೂ ರೋಗಿಗಳನ್ನು ಆರಿಸಿದ್ದು ಹಂತ ಮತ್ತು ಗ್ರಂಥಿಗಳ ಆಧಾರದ ಮೇಲೆಯೇ. ಇವುಗಳಲ್ಲಿ ಯಾವುದಾದರೂ ಅಕ್ಕನವರಿಗೆ ಹೊಂದುತ್ತದೆಯೇ ಎಂದು ಮುಂದಿನ ವಾರಕ್ಕೆ ಮೊದಲೇ ಕೇಳಿ. ಹೊಂದುವುದಿಲ್ಲ ಎಂದರೆ ಕಾರಣವನ್ನೂ ಕೇಳಿ, ಮೂತ್ರಪಿಂಡದ ಸ್ಥಿತಿ, ರಕ್ತದ ಪ್ರಮಾಣದಂಥ ಸರಿಯಾದ ಕಾರಣಗಳು ಇರಬಹುದು. ಊದಿದ ಆ ಒಂದು ಗ್ರಂಥಿಗೆ ಹೆಚ್ಚುವರಿ ಡೋಸ್ ಕೊಡುತ್ತಾರೆಯೇ, ಬ್ರೇಕಿಥೆರಪಿಯ ಹೊತ್ತಿಗೆ ಮತ್ತೊಂದು ಎಂಆರ್‌ಐ ಇದೆಯೇ ಎಂಬುದನ್ನೂ ಕೇಳಿ.

ಹೊರ ವಿಕಿರಣ ಶುರುವಾದ ದಿನದಿಂದ ಬ್ರೇಕಿಥೆರಪಿ ಮುಗಿಯುವವರೆಗೆ ಒಟ್ಟು ಎಂಟು ವಾರ ಮೀರಬಾರದು. ಮೀರಿದಷ್ಟೂ ಫಲಿತಾಂಶ ಕೆಡುತ್ತದೆ ಎಂಬುದು ಯಾವ ರೇಡಿಯೋಮಿಕ್ಸ್ ಅಂಕಿಗಿಂತಲೂ ಗಟ್ಟಿಯಾದ ತಿಳಿವಳಿಕೆ. ಸುಸ್ತು, ಭೇದಿ, ಮನೆಯ ತಾಪತ್ರಯ ಎಂದು ಮಧ್ಯೆ ದಿನಗಳು ತಪ್ಪದಂತೆ ನೋಡಿಕೊಳ್ಳುವುದು ಮನೆಯವರಾದ ನಿಮ್ಮ ಕೈಯಲ್ಲಿದೆ.

ಈಗಿನ ಎರಡೂ ಸ್ಕ್ಯಾನುಗಳ ರಿಪೋರ್ಟಿನ ಜೊತೆ ಚಿತ್ರಗಳಿರುವ ಸಿ.ಡಿ.ಯನ್ನೂ ಕೇಳಿ ಪಡೆದು ಇಟ್ಟುಕೊಳ್ಳಿ. ಮೂರು ತಿಂಗಳ ಪೆಟ್ ಅನ್ನು ಸಾಧ್ಯವಾದರೆ ಅದೇ ಯಂತ್ರದಲ್ಲಿ ಮಾಡಿಸಿ, ಹೋಲಿಕೆಗೆ ಈ ಹಳೆಯ ಚಿತ್ರಗಳನ್ನು ಒಯ್ಯಿರಿ. ಆತಂಕದಿಂದ ಅದನ್ನು ತಿಂಗಳಿಗೇ ಮಾಡಿಸಿಬಿಡೋಣ ಎಂದು ಒತ್ತಾಯಿಸಬೇಡಿ. ಆಗ ಕಾಣುವ ಹೊಳಪಿನಲ್ಲಿ ಉರಿಯೂತ ಎಷ್ಟು, ಕಾಯಿಲೆ ಎಷ್ಟು ಎಂದು ಯಾರೂ ಹೇಳಲಾರರು. ನಡುವೆ ಹೊಸದಾಗಿ ರಕ್ತಸ್ರಾವ, ಕಾಲಿನ ಊತ, ಬೆನ್ನು ಅಥವಾ ಸೊಂಟದ ಬಿಡದ ನೋವು ಕಾಣಿಸಿಕೊಂಡರೆ ಮಾತ್ರ ಮೂರು ತಿಂಗಳಿಗೆ ಕಾಯದೆ ವೈದ್ಯರಿಗೆ ತೋರಿಸಿ.